ಚಿತ್ರದೊಳಗಿನ ರಾಣಿಯರು

ಕಿತ್ತೂರಿನ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ಒಂದು ರೂಪವು ಮೂಡಿ ನಿಲ್ಲುತ್ತದೆ. ಕುದುರೆಯ ಮೇಲೆ ಕುಳಿತು, ಬಲಗೈಯಲ್ಲಿ ಖಡ್ಗವನ್ನು ಎತ್ತಿ ಹಿಡಿದ ವೀರರಾಣಿಯ ರೂಪವದು. ಬೈಲಹೊಂಗಲದ ಬೀದಿಯಲ್ಲಿ ನಡೆಯುವ ಬಾಲಕನಿಗಾಗಲಿ, ಸವದತ್ತಿಯ ಜಾತ್ರೆಗೆ ಬಂದ ಒಕ್ಕಲಿಗನಿಗಾಗಲಿ, ರಾಮದುರ್ಗದ ಶಾಲೆಯಲ್ಲಿ ಓದುವ ಬಾಲಕಿಗಾಗಲಿ ಆ ರೂಪವನ್ನು ಪರಿಚಯಿಸಿಕೊಡಬೇಕಾದ ಅಗತ್ಯವಿಲ್ಲ. ರಾಣಿ ಚೆನ್ನಮ್ಮನನ್ನು ಅವರು ತಮ್ಮ ಮನೆಯ ಹಿರಿಯಳನ್ನು ಗುರುತಿಸುವಷ್ಟು ಸುಲಭವಾಗಿ ಗುರುತಿಸುತ್ತಾರೆ.

ಆದರೆ ಒಂದು ಮಾತನ್ನು ಇಲ್ಲಿ ನೆನೆಯಬೇಕು. ನಾವು ಇಂದು ವೃತ್ತಗಳಲ್ಲಿ, ಶಾಲೆಯ ಗೋಡೆಗಳಲ್ಲಿ, ಪುಸ್ತಕಗಳ ಮುಖಪುಟಗಳಲ್ಲಿ ಕಾಣುವ ಚೆನ್ನಮ್ಮನ ರೂಪವು ನಮ್ಮ ಕಾಲದ ಚಿತ್ರಕಾರರೂ ಶಿಲ್ಪಿಗಳೂ ರೂಪಿಸಿಕೊಟ್ಟದ್ದು. ಲಾವಣಿಗಳಲ್ಲಿ, ಹಿರಿಯರ ಮಾತುಗಳಲ್ಲಿ ಉಳಿದುಬಂದ ನೆನಪು ಅವರ ಕೈಗೆ ಮಾದರಿಯಾಯಿತು. ೧೯೭೭ರ ಅಕ್ಟೋಬರ್ ೨೩ರಂದು ಭಾರತದ ಅಂಚೆ ಇಲಾಖೆಯು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ೨೦೦೭ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆಯು ಅನಾವರಣಗೊಂಡಿತು. ಇವೆಲ್ಲವೂ ಜನರು ತಮ್ಮ ರಾಣಿಗೆ ಸಲ್ಲಿಸಿದ ಗೌರವದ ಕುರುಹುಗಳು.

ಹಾಗಾದರೆ, ಚಿತ್ರಕಾರನ ಮುಂದೆ ತಾವೇ ನಿಂತು ತಮ್ಮ ರೂಪವನ್ನು ಬರೆಯಿಸಿಕೊಂಡ ರಾಣಿಯರು ನಮ್ಮ ನಾಡಿನಲ್ಲಿ ಇದ್ದರೇ? ಇದ್ದರು. ಕಿತ್ತೂರಿನ ಯುದ್ಧಕ್ಕೆ ಹತ್ತೊಂಬತ್ತು ವರ್ಷಗಳ ಮೊದಲು, ಸುಮಾರು ೧೮೦೫ರಲ್ಲಿ, ಮೈಸೂರು ಅರಮನೆಯ ಮೂವರು ಸ್ತ್ರೀಯರು ಒಬ್ಬ ಪರದೇಶದ ಚಿತ್ರಕಾರನಿಗಾಗಿ ನಿಂತರು. ಆ ಚಿತ್ರವು ಇಂದಿಗೂ ಉಳಿದಿದೆ. ನೋಡುವುದಕ್ಕೆ ಅದು ಒಡವೆ ವಸ್ತ್ರಗಳಿಂದ ಶೋಭಿಸುವ ಅರಮನೆಯ ಚಿತ್ರವಷ್ಟೆ. ಆದರೆ ಅದರೊಳಗೆ ಲಕ್ಷಾಂತರ ಜನರ ಜೀವಮರಣಗಳಿಗೆ ಸಂಬಂಧಿಸಿದ ಸಂದೇಶವೊಂದು ಅಡಗಿದೆ. ಅದನ್ನು ಅರಿಯುವುದಕ್ಕೆ ಮೊದಲು ಅರಸುಮನೆತನದ ಭಾವಚಿತ್ರವೆಂದರೆ ಏನು, ಅದನ್ನು ಏತಕ್ಕಾಗಿ ಬರೆಯಿಸುತ್ತಿದ್ದರು ಎಂಬುದನ್ನು ತಿಳಿಯಬೇಕು.

ಛಾಯಾಚಿತ್ರದ ಕಲೆಯು ಲೋಕಕ್ಕೆ ಪ್ರಕಟವಾದುದು ೧೮೩೯ರಲ್ಲಿ. ಅದಕ್ಕೆ ಮೊದಲು ಒಬ್ಬ ವ್ಯಕ್ತಿಯ ಮುಖವನ್ನು ದೂರದಲ್ಲಿದ್ದವರಿಗೆ ತೋರಿಸಬೇಕಾದರೆ ಚಿತ್ರಕಾರನ ಕುಂಚವನ್ನೋ ಶಿಲ್ಪಿಯ ಉಳಿಯನ್ನೋ ಆಶ್ರಯಿಸಬೇಕಾಗಿತ್ತು. ನಮ್ಮಲ್ಲಿಯೂ ಈ ಪದ್ಧತಿಯಿತ್ತು. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನು ತನ್ನ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ಲೋಹಪ್ರತಿಮೆಗಳಿವೆ. ದೇವರ ಎದುರಿನಲ್ಲಿ ಅರಸನೂ ಭಕ್ತನೇ ಎಂದು ಅವು ಸಾರುತ್ತವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಗಳ ಮೇಲೆ ಹೈದರನೂ ಟಿಪ್ಪುವೂ ಸೇನೆಯೊಡನೆ ಸಾಗುತ್ತಿರುವ ಚಿತ್ರಗಳಿವೆ. ಅವು ಯುದ್ಧದ ಗೆಲುವನ್ನು ಸಾರುತ್ತವೆ. ಅರಸರ ಚಿತ್ರವೆಂದರೆ ಬರಿಯ ಮುಖದ ಹೋಲಿಕೆಯಲ್ಲ. ಅದು ನೋಡುವವನಿಗೆ ಏನನ್ನೋ ಹೇಳಲೆಂದೇ ಬರೆದದ್ದು.

ಯೂರೋಪಿನಲ್ಲಿ ಈ ಭಾವಚಿತ್ರಗಳಿಗೆ ಮತ್ತೊಂದು ಕೆಲಸವೂ ಇತ್ತು. ಅಲ್ಲಿಯ ರಾಜಮನೆತನಗಳಲ್ಲಿ ಮದುವೆಗಳು ದೇಶದೇಶಗಳ ನಡುವಣ ಒಪ್ಪಂದಗಳಾಗಿದ್ದವು. ವಧೂವರರು ಒಬ್ಬರನ್ನೊಬ್ಬರು ಕಾಣುವ ಮೊದಲೇ ಸಂಬಂಧವು ನಿಶ್ಚಯವಾಗುತ್ತಿತ್ತು. ಆದ್ದರಿಂದ ರಾಜಕುಮಾರಿಯ ಬದಲು ಅವಳ ಚಿತ್ರವು ಗಡಿಗಳನ್ನು ದಾಟಿ ಪ್ರಯಾಣ ಮಾಡುತ್ತಿತ್ತು. ಸ್ಪೇನಿನ ಪ್ರಸಿದ್ಧ ಚಿತ್ರಕಾರ ವೆಲಾಸ್ಕೆಸ್ ಬರೆದ ಬಾಲೆ ಮಾರ್ಗರೀಟಳ ಚಿತ್ರಗಳು ವಿಯೆನ್ನಾ ನಗರದ ಅರಮನೆಗೆ ಹೋದದ್ದು ಹೀಗೆಯೇ. ಅವಳು ಮುಂದೆ ಅಲ್ಲಿಯ ಚಕ್ರವರ್ತಿಯ ಪತ್ನಿಯಾಗಬೇಕಾಗಿದ್ದವಳು. ಅವಳು ಹೇಗೆ ಬೆಳೆಯುತ್ತಿದ್ದಾಳೆಂಬುದನ್ನು ಆ ಚಿತ್ರಗಳು ವರ್ಷದಿಂದ ವರ್ಷಕ್ಕೆ ತಿಳಿಸಿದವು.

ಹದಿನೆಂಟನೆಯ ಶತಮಾನದಲ್ಲಿ ಈ ಭಾವಚಿತ್ರಗಳ ಶೈಲಿಯು ಬದಲಾಯಿತು. ಫ್ರಾನ್ಸ್ ದೇಶದಲ್ಲಿ ಹುಟ್ಟಿ ಇತರ ದೇಶಗಳಿಗೆ ಹಬ್ಬಿದ ಆ ಹೊಸ ಶೈಲಿಗೆ ರೊಕೊಕೊ ಎಂದು ಹೆಸರು. ತೋಟಗಳಲ್ಲಿ ಕಲ್ಲು ಚಿಪ್ಪುಗಳಿಂದ ಮಾಡುತ್ತಿದ್ದ ಅಲಂಕಾರಕ್ಕಿದ್ದ ಫ್ರೆಂಚ್ ಪದದಿಂದ ಈ ಹೆಸರು ಬಂದಿತು. ಚಿಪ್ಪಿನ ಅಂಚಿನಂತೆಯೇ ಬಳುಕುವ ರೇಖೆಗಳು, ತಿಳಿಗುಲಾಬಿ, ತಿಳಿನೀಲಿ, ಕೆನೆಬಣ್ಣಗಳ ಮೃದುವಾದ ಮೇಳ, ರೇಷ್ಮೆಯ ಮಿನುಗು, ಜಾಲರಿಯ ನವುರು, ಹೂವು ಮುತ್ತುಗಳ ಸಿಂಗಾರ ಇವು ಆ ಶೈಲಿಯ ಲಕ್ಷಣಗಳು. ಹಿಂದಿನ ಚಿತ್ರಗಳಲ್ಲಿದ್ದ ಗಾಂಭೀರ್ಯದ ಸ್ಥಾನದಲ್ಲಿ ಇಲ್ಲಿ ಲಾಲಿತ್ಯವು ನೆಲೆಗೊಂಡಿತು. ರೊಕೊಕೊ ಶೈಲಿಯ ರಾಜಕುಮಾರಿಯ ಮುಖದಲ್ಲಿ ಚಿಂತೆಯ ಗೆರೆಯಿಲ್ಲ, ಕೆನ್ನೆಯಲ್ಲಿ ಕಲೆಯಿಲ್ಲ, ಅವಳ ಚರ್ಮವು ಆಗತಾನೆ ಅರಳಿದ ಹೂವಿನ ದಳದಂತಿರುತ್ತದೆ.

ಈ ಶೈಲಿಯನ್ನು ಮೆಚ್ಚಿ ಬೆಳೆಸಿದ ಅರಮನೆಗಳಲ್ಲಿ ಪೋರ್ಚುಗಲ್ ದೇಶದ ಅರಮನೆಯೂ ಒಂದು. ಪೋರ್ಚುಗೀಸರು ನಮಗೆ ಅಪರಿಚಿತರಲ್ಲ. ಬೆಳಗಾವಿಯ ಸೀಮೆಯಿಂದ ಘಟ್ಟವನ್ನಿಳಿದರೆ ಸಿಗುವ ಗೋವೆಯನ್ನು ಅವರು ೧೫೧೦ರಿಂದ ೧೯೬೧ರವರೆಗೆ ಆಳಿದರು. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲಿನ ಗಣಿಗಳ ಚಿನ್ನವು ಅವರ ರಾಜಧಾನಿಯಾದ ಲಿಸ್ಬನ್ ನಗರಕ್ಕೆ ಹರಿದುಬರುತ್ತಿತ್ತು. ೧೭೫೫ರ ಘೋರ ಭೂಕಂಪದಿಂದ ಆ ನಗರವು ನೆಲಸಮವಾದ ಮೇಲೆಯೂ ಸಮೀಪದ ಕೆಲೂಸ್ ಎಂಬಲ್ಲಿ ರೊಕೊಕೊ ಶೈಲಿಯ ಚೆಲುವಾದ ಅರಮನೆಯು ಬೆಳೆಯುತ್ತ ಹೋಯಿತು.

ಆ ಮನೆತನದಲ್ಲಿ ೧೭೬೮ರಲ್ಲಿ ಮರಿಯಾನಾ ವಿಟೋರಿಯಾ ಎಂಬ ರಾಜಕುಮಾರಿಯು ಜನಿಸಿದಳು. ಅವಳ ತಾಯಿ ಒಂದನೆಯ ಮರಿಯಾ ಮುಂದೆ ಪೋರ್ಚುಗಲ್ಲಿನ ಸಿಂಹಾಸನವನ್ನೇರಿದ ರಾಣಿ. ೧೭೮೫ರಲ್ಲಿ ಈ ರಾಜಕುಮಾರಿಗೆ ಸ್ಪೇನಿನ ರಾಜಕುಮಾರ ಗೇಬ್ರಿಯಲನೊಡನೆ ವಿವಾಹವಾಯಿತು. ಎರಡು ನೆರೆರಾಜ್ಯಗಳ ಮೈತ್ರಿಯನ್ನು ಬಿಗಿಗೊಳಿಸಲು ಏರ್ಪಟ್ಟ ಮದುವೆಯದು. ಅವಳ ಕಾಲದ ಭಾವಚಿತ್ರಗಳನ್ನು ನೋಡಿದವರಿಗೆ ಸಂಪತ್ತು, ಯೌವನ, ಅಧಿಕಾರ ಇವು ಮೂರೂ ಕೂಡಿ ಬಂದ ಬದುಕಿಗೆ ಯಾವ ಕೊರತೆ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಚಿತ್ರದ ಚೌಕಟ್ಟಿನ ಹೊರಗೆ ಬೇರೊಂದು ಕಥೆಯು ನಡೆಯುತ್ತಿತ್ತು. ೧೭೮೮ರ ಸೆಪ್ಟೆಂಬರಿನಲ್ಲಿ ಅವಳ ಅಣ್ಣ, ಪೋರ್ಚುಗಲ್ಲಿನ ಯುವರಾಜ ಜೋಸೆ, ಸಿಡುಬಿನಿಂದ ಸತ್ತನು. ಎರಡು ತಿಂಗಳು ಕಳೆಯುವುದರೊಳಗೆ ಹೆರಿಗೆಯ ಹೊತ್ತಿನಲ್ಲಿದ್ದ ಮರಿಯಾನಾಳಿಗೂ ಅದೇ ರೋಗವು ತಗುಲಿತು. ನವೆಂಬರ್ ೨ರಂದು ಅವಳು ತೀರಿಕೊಂಡಳು. ಒಂದು ವಾರದಲ್ಲಿ ಅವಳ ಹಸುಗೂಸು ಸತ್ತಿತು. ಆ ತಿಂಗಳ ೨೩ರಂದು ಅವಳ ಗಂಡನೂ ಸಿಡುಬಿಗೆ ಬಲಿಯಾದನು. ಆಗ ರಾಜಕುಮಾರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಚಿನ್ನವಾಗಲಿ, ಅರಮನೆಯ ಎತ್ತರದ ಗೋಡೆಯಾಗಲಿ ಆ ರೋಗವನ್ನು ತಡೆಯಲಾರದೆ ಹೋದವು.

ಸಿಡುಬಿನ ಭಯವು ಎಂಥದೆಂಬುದನ್ನು ಇಂದಿನ ನಾವು ಊಹಿಸುವುದೂ ಕಷ್ಟ. ಮೊದಲು ಸುಡುವ ಜ್ವರ. ಅನಂತರ ಮೈತುಂಬ ಕೀವುಗುಳ್ಳೆಗಳು. ರೋಗ ತಗುಲಿದ ಹತ್ತು ಜನರಲ್ಲಿ ಇಬ್ಬರೋ ಮೂವರೋ ಸಾಯುತ್ತಿದ್ದರು. ಬದುಕಿದವರ ಮುಖದ ಮೇಲೆ ತಗ್ಗುಕಲೆಗಳು ಉಳಿಯುತ್ತಿದ್ದವು. ಹಲವರ ಕಣ್ಣುಗಳೂ ಹೋಗುತ್ತಿದ್ದವು. ಫ್ರಾನ್ಸಿನ ಅರಸ ಹದಿನೈದನೆಯ ಲೂಯಿಯು ೧೭೭೪ರಲ್ಲಿ ಸತ್ತದ್ದು ಇದೇ ರೋಗದಿಂದ. ಚಿತ್ರಕಾರರಾದರೋ ಅರಸುಮನೆತನದವರ ಮುಖದಲ್ಲಿದ್ದ ಸಿಡುಬಿನ ಕಲೆಗಳನ್ನು ಸಾಮಾನ್ಯವಾಗಿ ಬರೆಯದೆ ಬಿಟ್ಟುಬಿಡುತ್ತಿದ್ದರು. ರೊಕೊಕೊ ಚಿತ್ರಗಳ ನುಣುಪಾದ ಕೆನ್ನೆಗಳ ಹಿಂದೆ ಇಂಥ ಮೌನವೂ ಸೇರಿಕೊಂಡಿದೆ.

ನಮ್ಮ ನಾಡಿನಲ್ಲಿ ಈ ರೋಗವನ್ನು ಹೆಸರಿಡಿದು ಕರೆಯಲೂ ಜನರು ಅಂಜುತ್ತಿದ್ದರು. ಅಮ್ಮ ಬಂದಿದ್ದಾಳೆ, ದೇವಿ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟಿ, ರೋಗಿಯನ್ನು ಬೇವಿನ ಎಲೆಗಳ ಮೇಲೆ ಮಲಗಿಸಿ, ಗ್ರಾಮದೇವತೆಗೆ ಹರಕೆ ಹೊರುತ್ತಿದ್ದರು. ಬೇರೆ ದಾರಿಯಿಲ್ಲದ ತಾಯಂದಿರು ಮಗುವಿನ ಹಾಸಿಗೆಯ ಬಳಿ ಕುಳಿತು ರಾತ್ರಿಗಳನ್ನು ಕಳೆಯುತ್ತಿದ್ದರು.

ಒಂದು ಉಪಾಯವು ಮಾತ್ರ ಹಿಂದಿನಿಂದಲೂ ತಿಳಿದಿತ್ತು. ಒಮ್ಮೆ ಸಿಡುಬು ಬಂದು ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲವೆಂಬುದನ್ನು ಜನರು ಕಂಡುಕೊಂಡಿದ್ದರು. ಆದ್ದರಿಂದ ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ಚರ್ಮದಲ್ಲಿ ಗೀರಿ ಸೇರಿಸುತ್ತಿದ್ದರು. ಅಥವಾ ಒಣಗಿದ ಹಕ್ಕಳೆಯನ್ನು ಪುಡಿಮಾಡಿ ಮೂಗಿನೊಳಗೆ ಊದುತ್ತಿದ್ದರು. ಭಾರತದಲ್ಲಿಯೂ ಚೀನಾದಲ್ಲಿಯೂ ಇಂಥ ಕ್ರಮಗಳು ರೂಢಿಯಲ್ಲಿದ್ದವು. ೧೭೬೮ರಲ್ಲಿ ರಷ್ಯದ ರಾಣಿ ಕ್ಯಾಥರೀನಳು ಇಂಥ ಚಿಕಿತ್ಸೆಗೆ ತನ್ನ ತೋಳನ್ನೇ ಒಡ್ಡಿ ಪ್ರಜೆಗಳಿಗೆ ಧೈರ್ಯ ತುಂಬಿದಳು. ಆದರೆ ಈ ಉಪಾಯದಲ್ಲಿ ಎರಡು ಅಪಾಯಗಳಿದ್ದವು. ಹೀಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಅಲ್ಲದೆ, ಅವರಿಗೆ ಬಂದದ್ದು ನಿಜವಾದ ಸಿಡುಬೇ ಆದುದರಿಂದ ಅವರಿಂದ ಇತರರಿಗೂ ರೋಗವು ಹರಡಬಹುದಾಗಿತ್ತು.

೧೭೯೬ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಈ ತೊಡಕಿನಿಂದ ಪಾರಾಗುವ ಮಾರ್ಗವನ್ನು ತೋರಿಸಿದನು. ಹಸುಗಳ ಕೆಚ್ಚಲಿನ ಮೇಲೆ ಏಳುವ ಒಂದು ಬಗೆಯ ಸಿಡುಬು ಹಾಲು ಕರೆಯುವವರ ಕೈಗಳಿಗೂ ತಗುಲುತ್ತಿತ್ತು. ಅದು ಸೌಮ್ಯವಾದ ಬೇನೆ. ಆದರೆ ಅದು ಬಂದವರಿಗೆ ಮಾರಕ ಸಿಡುಬು ತಗುಲುತ್ತಿರಲಿಲ್ಲವೆಂದು ಹಳ್ಳಿಗರು ಹೇಳುತ್ತಿದ್ದರು. ಜೆನ್ನರನು ಆ ಮಾತನ್ನು ಪರೀಕ್ಷೆಗೆ ಒಡ್ಡಿದನು. ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಯ ಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಹಾಕಿದನು. ಅನಂತರ ಆ ಬಾಲಕನಿಗೆ ಸಿಡುಬಿನ ಕೀವನ್ನೇ ಹಾಕಿದರೂ ರೋಗವು ಬರಲಿಲ್ಲ. ೧೭೯೮ರಲ್ಲಿ ಜೆನ್ನರನು ತನ್ನ ಗ್ರಂಥವನ್ನು ಪ್ರಕಟಿಸಿದನು. ಹಸುವಿಗೆ ಲ್ಯಾಟಿನ್ ಭಾಷೆಯಲ್ಲಿ ‘ವಾಕ್ಕಾ’ ಎಂದು ಹೆಸರು. ವ್ಯಾಕ್ಸಿನ್ ಎಂಬ ಪದವು ಬಂದದ್ದು ಅದರಿಂದ. ಅದನ್ನೇ ನಾವು ಲಸಿಕೆ ಎನ್ನುತ್ತೇವೆ. ಹಿರಿಯರು ದಾಕು ಎನ್ನುತ್ತಿದ್ದರು.

ಈ ಲಸಿಕೆಯನ್ನು ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ. ಆಗ ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ. ತಿಂಗಳುಗಟ್ಟಲೆ ಸಾಗುವ ಹಡಗಿನ ಪ್ರಯಾಣದಲ್ಲಿ ರಸವು ಕೆಟ್ಟುಹೋಗುತ್ತಿತ್ತು. ಕೊನೆಗೆ ವಿಯೆನ್ನಾದಿಂದ ಬಾಗ್ದಾದಿಗೂ, ಅಲ್ಲಿಂದ ಬಸ್ರಾಕ್ಕೂ ಕಳುಹಿಸಿ, ಅಲ್ಲಿಂದ ಮುಂದೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಮುಂಬಯಿಯನ್ನು ಮುಟ್ಟಿಸಿದರು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ಲಸಿಕೆಯು ಫಲಿಸಿತು. ಭಾರತದಲ್ಲಿ ಫಲಕಾರಿಯಾದ ಮೊದಲನೆಯ ಲಸಿಕೆಯದು. ಆ ಮಗುವಿನ ತೋಳಿನಿಂದ ತೆಗೆದ ರಸವು ಇತರ ಮಕ್ಕಳಿಗೂ, ಅಲ್ಲಿಂದ ದೇಶದ ಬೇರೆ ಬೇರೆ ನಗರಗಳಿಗೂ ಹಬ್ಬಿತು.

ಲಸಿಕೆಯೇನೋ ಬಂದಿತು, ಅದನ್ನು ಹಾಕಿಸಿಕೊಳ್ಳುವವರು ಬರಬೇಕಲ್ಲ! ಯಾರದೋ ಮೈಯ ರಸವನ್ನು ತಮ್ಮ ಮೈಗೆ ಸೇರಿಸಿಕೊಳ್ಳಲು ಜನರು ಹಿಂಜರಿದರು. ಯಾವ ಜಾತಿಯವರ ಮೈಯಿಂದ ಬಂದುದೋ ಎಂಬ ಮಡಿಮೈಲಿಗೆಯ ಶಂಕೆಯು ಕೆಲವರಿಗೆ. ದೇವಿಯು ಮುನಿದಾಳೆಂಬ ಭಯವು ಮತ್ತೆ ಕೆಲವರಿಗೆ. ಹಳೆಯ ಕ್ರಮದಲ್ಲಿ ಗೀರುಹಾಕಿ ಜೀವನ ಸಾಗಿಸುತ್ತಿದ್ದವರಿಗೆ ತಮ್ಮ ಕಸುಬು ಹೋಗುವುದೆಂಬ ಚಿಂತೆ. ಇವೆಲ್ಲಕ್ಕಿಂತ ಮಿಗಿಲಾಗಿ, ಲಸಿಕೆಯನ್ನು ಹಿಡಿದು ಬಂದವರು ನಿನ್ನೆ ಮೊನ್ನೆ ತುಪಾಕಿ ಹಿಡಿದು ಬಂದಿದ್ದ ಪರದೇಶದವರು. ಅವರ ಮಾತನ್ನು ನಂಬುವುದು ಹೇಗೆ?

ಇಂಥ ಸಂದರ್ಭದಲ್ಲಿ ಮೈಸೂರಿನ ಅರಮನೆಯು ನಮ್ಮ ಕಥೆಯೊಳಗೆ ಬರುತ್ತದೆ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಾಳಗದಲ್ಲಿ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಒಡೆಯರ ಮನೆತನವನ್ನು ಮತ್ತೆ ಪಟ್ಟಕ್ಕೆ ತಂದಿತು. ಐದು ವರ್ಷದ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವನ್ನೇರಿದರು. ರಾಜ್ಯದ ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು. ಅರಮನೆಯಲ್ಲಿ ಹಿರಿಯರಾಗಿದ್ದವರು ಅರಸರ ಅಜ್ಜಿ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಮನೆತನದ ಅಧಿಕಾರವನ್ನು ಮರಳಿ ಪಡೆಯಲು ದಶಕಗಳ ಕಾಲ ಗುಟ್ಟಾಗಿ ಹೆಣಗಿದ ದೃಢಮನಸ್ಸಿನ ಮಹಿಳೆ ಅವರು. ೧೭೬೬ರಲ್ಲಿ ತೀರಿಕೊಂಡ ಅವರ ಪತಿಗೆ ಮರಣವು ಸಿಡುಬಿನಿಂದಲೇ ಬಂದಿತೆಂದು ಹೇಳುತ್ತಾರೆ.

೧೮೦೫ರಲ್ಲಿ ಬಾಲಕ ಅರಸರಿಗೆ ದೇವಾಜಮ್ಮಣ್ಣಿ ಎಂಬ ಕನ್ಯೆಯೊಡನೆ ವಿವಾಹವಾಯಿತು. ವಧೂವರರಿಬ್ಬರೂ ಹನ್ನೆರಡರ ಆಸುಪಾಸಿನ ಮಕ್ಕಳು. ಈ ಕಿರಿಯ ರಾಣಿಗೆ ಹೊಸ ಲಸಿಕೆಯನ್ನು ಹಾಕಲಾಯಿತು. ರಾಣಿಯು ಲಸಿಕೆ ಹಾಕಿಸಿಕೊಂಡ ಸುದ್ದಿಯಿಂದ ಜನರು ಧೈರ್ಯಗೊಂಡು ಲಸಿಕೆಗೆ ಮುಂದೆ ಬಂದರೆಂಬ ಉಲ್ಲೇಖವು ೧೮೦೬ರ ಜುಲೈ ತಿಂಗಳ ದಾಖಲೆಯಲ್ಲಿದೆ.

ಅದೇ ಸುಮಾರಿನಲ್ಲಿ ಮೈಸೂರಿನ ಅರಮನೆಯವರನ್ನು ಚಿತ್ರಿಸಿದವನು ಥಾಮಸ್ ಹಿಕಿ ಎಂಬ ಚಿತ್ರಕಾರ. ಅವನು ೧೭೪೧ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದವನು. ಅಂದರೆ ರೊಕೊಕೊ ಶೈಲಿಯು ಮೆರೆಯುತ್ತಿದ್ದ ಕಾಲದಲ್ಲಿ ಬೆಳೆದವನು. ಶ್ರೀರಂಗಪಟ್ಟಣವು ಕಂಪನಿಯ ವಶವಾದ ಮೇಲೆ ಅಲ್ಲಿಯ ಯುದ್ಧದಲ್ಲಿದ್ದ ಅಧಿಕಾರಿಗಳನ್ನೂ, ಟಿಪ್ಪುವಿನ ಮಕ್ಕಳನ್ನೂ, ಪೂರ್ಣಯ್ಯನವರನ್ನೂ ಅವನು ಚಿತ್ರಿಸಿದನು. ೧೮೨೪ರಲ್ಲಿ ಮದರಾಸಿನಲ್ಲಿ ಅವನು ತೀರಿಕೊಂಡನು. ಕಿತ್ತೂರಿನ ಯುದ್ಧವು ನಡೆದದ್ದೂ ಅದೇ ವರ್ಷವೆಂಬುದನ್ನು ಗಮನಿಸಬಹುದು.

ಇನ್ನು ಚಿತ್ರವನ್ನು ನೋಡೋಣ. ಮೂವರು ಸ್ತ್ರೀಯರು ನೋಡುವವನತ್ತ ಮುಖಮಾಡಿದ್ದಾರೆ. ತಲೆಯ ಮೇಲೆ ಭಾರವಾದ ಆಭರಣಗಳು, ತೋಳುಗಳಲ್ಲಿ ಬಂಗಾರದ ಕಡಗಗಳು. ಬಲಬದಿಯಲ್ಲಿ ನಿಂತ ಕಿರಿಯಳ ಭಂಗಿಯು ವಿಚಿತ್ರವಾಗಿದೆ. ಸೀರೆಯ ಸೆರಗು ಸಾಮಾನ್ಯವಾಗಿ ಮುಚ್ಚಬೇಕಾಗಿದ್ದ ಎಡತೋಳು ಇಲ್ಲಿ ತೆರೆದಿದೆ. ಅವಳ ಬಲಗೈಯು ಆ ತೋಳನ್ನು ತೋರಿಸುತ್ತಿದೆ. ಎಡಬದಿಯ ಸ್ತ್ರೀಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಬಣ್ಣವು ತುಸು ಮಾಸಿದೆ. ನಡುವೆ ಇರುವವಳ ದೊಡ್ಡ ಕಣ್ಣುಗಳ ಗಂಭೀರ ಮುಖದಲ್ಲಿ ಯಾವ ಭಾವವೂ ಹೊರಬೀಳುವುದಿಲ್ಲ.

ಈ ಚಿತ್ರದ ಅರ್ಥವು ಬಹುಕಾಲ ಮರೆತುಹೋಗಿತ್ತು. ಅರಮನೆಯ ಸ್ತ್ರೀಯರು ಪರದೇಶದ ಗಂಡಸಿನೆದುರು ಹೀಗೆ ನಿಲ್ಲುವುದುಂಟೇ ಎಂದು ತರ್ಕಿಸಿ, ಇವರು ನರ್ತಕಿಯರಿರಬೇಕೆಂದು ಹಲವರು ಭಾವಿಸಿದ್ದರು. ೨೦೦೧ರಲ್ಲಿ ನೈಜಲ್ ಚಾನ್ಸೆಲರ್ ಎಂಬ ಇತಿಹಾಸಜ್ಞರು ತಮ್ಮ ಲೇಖನದಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟರು. ಆ ಆಭರಣಗಳು ಮೈಸೂರಿನ ರಾಣಿಯರವು ಎಂದು ಅವರು ಗುರುತಿಸಿದರು. ಬಲಗಡೆಯವಳು ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು. ಎಡಗಡೆಯವಳು ಅರಸರ ಹಿರಿಯ ರಾಣಿ. ಆಕೆಯ ಹೆಸರೂ ದೇವಾಜಮ್ಮಣ್ಣಿಯೇ. ಮೂಗಿನ ಕೆಳಗಿನ ಮಾಸಿದ ಬಣ್ಣವು ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಕ್ರಮದ ಗುರುತಿರಬೇಕು. ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿಯವರೆಂದು ಅವರ ಅಭಿಪ್ರಾಯ. ೨೦೦೭ರಲ್ಲಿ ಈ ಚಿತ್ರವು ಹರಾಜಿಗೆ ಬಂದಾಗ ಈ ವಿವರಣೆಯು ಮತ್ತೆ ಎಲ್ಲರ ಗಮನಕ್ಕೆ ಬಂದಿತು. ಇದು ಕುರುಹುಗಳಿಂದ ಕಟ್ಟಿದ ಊಹೆ. ಆದರೆ ಉಡುಗೆ, ಭಂಗಿ, ಕಾಲ, ದಾಖಲೆ ಇವು ನಾಲ್ಕೂ ಒಂದಕ್ಕೊಂದು ಹೊಂದಿಕೊಳ್ಳುವುದರಿಂದ ಅದಕ್ಕೆ ಬಲವುಂಟು.

ಈ ವಿವರಣೆಯಂತೆ ನೋಡಿದರೆ ಒಂದೇ ಹಲಗೆಯ ಮೇಲೆ ಹಳೆಯ ಕ್ರಮವೂ ಹೊಸ ಕ್ರಮವೂ ಎದುರುಬದುರಾಗಿ ನಿಂತಿವೆ. ಹಳೆಯದು ಮುಖದ ಮೇಲೆ ಗುರುತನ್ನು ಬಿಟ್ಟಿದೆ. ಹೊಸದರಿಂದ ಕಿರಿಯ ರಾಣಿಯ ಮುಖವು ಕಲೆಯಿಲ್ಲದೆ ಉಳಿದಿದೆ. ನಡುವೆ ನಿಂತ ಹಿರಿಯರು ಎರಡನ್ನೂ ಬಲ್ಲವರಾಗಿ, ಹೊಸದಕ್ಕೆ ಮನೆತನದ ಒಪ್ಪಿಗೆಯನ್ನು ನೀಡುತ್ತಿದ್ದಾರೆ. ಓದುಬರಹ ಬಾರದವರೂ ಓದಬಹುದಾದ ಪತ್ರದಂತಿದೆ ಈ ಚಿತ್ರ.

ಈಗ ಪೋರ್ಚುಗಲ್ಲಿನ ರಾಜಕುಮಾರಿಯ ಕಾಲದ ಚಿತ್ರಗಳೊಡನೆ ಇದನ್ನು ಹೋಲಿಸಿ ನೋಡಿರಿ. ಅಲ್ಲಿಯೂ ಒಡವೆಗಳುಂಟು, ಇಲ್ಲಿಯೂ ಉಂಟು. ಅಲ್ಲಿಯ ಚಿತ್ರಕಾರನು ರೋಗದ ಗುರುತನ್ನು ಅಳಿಸಿ ಚೆಲುವನ್ನು ಉಳಿಸುತ್ತಾನೆ. ಇಲ್ಲಿಯ ಚಿತ್ರಕಾರನು ಆ ಗುರುತನ್ನೇ ಎತ್ತಿ ತೋರಿಸುತ್ತಾನೆ. ಅಲ್ಲಿಯ ಚಿತ್ರವು ಒಬ್ಬ ಅರಸುಮಗನ ಮೆಚ್ಚುಗೆಗಾಗಿ ದೂರದ ಊರಿಗೆ ಹೋಗುತ್ತದೆ. ಇಲ್ಲಿಯ ರಾಣಿಯ ತೋಳು ಮಾತ್ರ, ನಾನು ಹಾಕಿಸಿಕೊಂಡಿದ್ದೇನೆ, ನಿಮ್ಮ ಮಕ್ಕಳಿಗೂ ಹಾಕಿಸಿರಿ ಎಂದು ಹೆಸರಿಲ್ಲದ ಸಾವಿರಾರು ಜನರಿಗೆ ಹೇಳುತ್ತದೆ.

ಆದರೆ ವಿಚಾರವಂತರಾದ ನಾವು ಈ ಚಿತ್ರದ ಇನ್ನೊಂದು ಮುಖವನ್ನೂ ಕಾಣದೆ ಇರಬಾರದು. ಲಸಿಕೆಯನ್ನು ಹರಡುವುದರಲ್ಲಿ ಕಂಪನಿಗೆ ಕೇವಲ ಕರುಣೆಯಿರಲಿಲ್ಲ. ಸಿಪಾಯಿಗಳು ಸತ್ತರೆ ಸೈನ್ಯಕ್ಕೆ ನಷ್ಟ. ರೈತರು ಸತ್ತರೆ ಕಂದಾಯಕ್ಕೆ ನಷ್ಟ. ತಮ್ಮ ಆಳ್ವಿಕೆಯು ಜನರಿಗೆ ಹಿತವಾದುದೆಂದು ತೋರಿಸಿಕೊಳ್ಳುವ ಆಸೆಯೂ ಅವರಿಗಿತ್ತು. ಆ ಹುಡುಗಿಯ ಇಷ್ಟವನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆಗೆ ಚಿತ್ರವು ಉತ್ತರ ಕೊಡುವುದಿಲ್ಲ. ಹಾಗೆಂದು ಅವಳ ತೋಳಿನಿಂದ ಆದ ಉಪಕಾರವು ಸುಳ್ಳಾಗುವುದಿಲ್ಲ. ೧೮೦೭ರ ಹೊತ್ತಿಗೆ ಭಾರತದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರಿಗೆ ಲಸಿಕೆಯನ್ನು ಹಾಕಲಾಗಿತ್ತೆಂದು ಅಂದಾಜು ಮಾಡಿದ್ದಾರೆ. ಒಳ್ಳೆಯ ಕೆಲಸವೊಂದು ಸ್ವಾರ್ಥದೊಡನೆ ಬೆರೆತು ಬರುವುದು ಇತಿಹಾಸದಲ್ಲಿ ಅಪರೂಪವಲ್ಲ. ಎರಡನ್ನೂ ಬೇರೆಬೇರೆಯಾಗಿ ತೂಗುವುದನ್ನು ನಾವು ಕಲಿಯಬೇಕು.

ಈ ವಿವೇಕವು ಕಿತ್ತೂರಿನ ಮಕ್ಕಳಿಗೆ ವಿಶೇಷವಾಗಿ ಬೇಕು. ಮೈಸೂರಿನಲ್ಲಿ ಲಸಿಕೆಯನ್ನು ಹಂಚಿದ ಅದೇ ಕಂಪನಿಯು, ಕಿತ್ತೂರಿನಲ್ಲಿ ದತ್ತುಪುತ್ರನ ಹಕ್ಕನ್ನು ಒಪ್ಪದೆ ಸಂಸ್ಥಾನವನ್ನು ಕಸಿಯಲು ಹೊರಟಿತು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಜನರು ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದರು, ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಮರಳಿ ಬಂದ ಕಂಪನಿಯು ಕೋಟೆಯನ್ನು ಹಿಡಿಯಿತು. ಸೆರೆಯಾದ ಚೆನ್ನಮ್ಮರಾಣಿಯು ಬೈಲಹೊಂಗಲದಲ್ಲಿ ಬಂಧನದಲ್ಲಿದ್ದು ೧೮೨೯ರಲ್ಲಿ ಮರಣ ಹೊಂದಿದಳು. ಆಕೆಯ ಸಮಾಧಿಯು ಅಲ್ಲಿಯೇ ಇದೆ. ಮೈಸೂರಿನ ರಾಣಿಯು ರೋಗವನ್ನು ಗೆಲ್ಲಲು ತೋಳನ್ನು ಒಡ್ಡಿದಳು. ಕಿತ್ತೂರಿನ ರಾಣಿಯು ಅನ್ಯಾಯವನ್ನು ಗೆಲ್ಲಲು ತೋಳನ್ನು ಎತ್ತಿದಳು. ಮೊದಲನೆಯವಳ ರೂಪವನ್ನು ಚಿತ್ರಕಾರನ ಕುಂಚವು ಉಳಿಸಿತು. ಎರಡನೆಯವಳ ರೂಪವನ್ನು ಜನರ ನೆನಪು ಉಳಿಸಿತು.

ಸಿಡುಬಿನ ಮೇಲಿನ ಹೋರಾಟವು ಅಲ್ಲಿಗೆ ಮುಗಿಯಲಿಲ್ಲ. ತೋಳಿನಿಂದ ತೋಳಿಗೆ ರಸವನ್ನು ದಾಟಿಸುವಾಗ ಬೇರೆ ರೋಗಗಳೂ ದಾಟುವ ಅಪಾಯವಿತ್ತು. ಆದ್ದರಿಂದ ಮುಂದೆ ಕರುಗಳ ಮೈಮೇಲೆ ಲಸಿಕೆಯ ರಸವನ್ನು ಬೆಳೆಸುವ ಕ್ರಮವು ಬಂದಿತು. ಇದಕ್ಕಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿಯೇ ಒಂದು ಸಂಸ್ಥೆಯು ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲಸಿಕೆಯು ಅಂದಿನ ಮುಂಬಯಿ ಪ್ರಾಂತದ ಊರುಗಳಿಗೆ ಹೋಗುತ್ತಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಆ ಜಾಗವನ್ನು ಜನರು ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಸ್ವಾತಂತ್ರ್ಯದ ನಂತರ ದೇಶದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ನಡೆದು, ರೋಗಿಗಳನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ೧೯೭೫ರ ಮೇ ತಿಂಗಳಿನಲ್ಲಿ ಭಾರತದ ಕಡೆಯ ಸಿಡುಬಿನ ರೋಗಿಯು ಕಂಡುಬಂದಳು. ೧೯೮೦ರ ಮೇ ೮ರಂದು ವಿಶ್ವ ಆರೋಗ್ಯ ಸಭೆಯು ಸಿಡುಬು ಲೋಕದಿಂದಲೇ ತೊಲಗಿತೆಂದು ಘೋಷಿಸಿತು. ಮನುಷ್ಯನು ಸಂಪೂರ್ಣವಾಗಿ ಅಳಿಸಿಹಾಕಿದ ಮೊದಲನೆಯ ಮಾನವರೋಗವಿದು.

ಲಿಸ್ಬನ್ನಿನ ರಾಣಿಯೊಬ್ಬಳು ಮಗನನ್ನೂ ಮಗಳನ್ನೂ ಕಳೆದುಕೊಂಡು ಅತ್ತ ದುಃಖ, ಸವದತ್ತಿಯ ಸೀಮೆಯ ಒಕ್ಕಲಗಿತ್ತಿಯು ತನ್ನ ಕೂಸನ್ನು ಕಳೆದುಕೊಂಡು ಅತ್ತ ದುಃಖ ಇವೆರಡರಲ್ಲಿ ಭೇದವಿರಲಿಲ್ಲ. ಆ ದುಃಖವು ಇನ್ನು ಯಾವ ತಾಯಿಗೂ ಬಾರದಂತಾಗಿದೆ. ಅದಕ್ಕಾಗಿ ದುಡಿದವರ ಸಾಲಿನಲ್ಲಿ ವೈದ್ಯರೂ ಇದ್ದಾರೆ, ಹಳ್ಳಿಹಳ್ಳಿ ತಿರುಗಿದ ದಾಕಿನವರೂ ಇದ್ದಾರೆ. ನಾಚಿಕೆಯನ್ನು ಬದಿಗಿಟ್ಟು ತೋಳನ್ನು ತೋರಿಸಿದ ಬಾಲರಾಣಿಯೂ ಇದ್ದಾಳೆ.

ನಿಮ್ಮ ಮನೆಯಲ್ಲಿ ೧೯೭೫ಕ್ಕೆ ಮೊದಲು ಹುಟ್ಟಿದ ಅಜ್ಜ ಅಜ್ಜಿಯರಿದ್ದರೆ ಇಂದು ಸಂಜೆ ಅವರ ತೋಳನ್ನು ನೋಡಿರಿ. ಅಲ್ಲಿ ನಾಣ್ಯದ ಗಾತ್ರದ, ತುಸು ತಗ್ಗಾದ ಗುರುತೊಂದು ಕಾಣಬಹುದು. ಯಾವುದು ಎಂದು ಕೇಳಿದರೆ, ಚಿಕ್ಕಂದಿನಲ್ಲಿ ದಾಕು ಹಾಕಿದ್ದೆಂದು ಅವರು ಹೇಳಿಯಾರು. ಇನ್ನೂರು ವರ್ಷಗಳ ಹಿಂದೆ ಮೈಸೂರಿನ ರಾಣಿಯು ತನ್ನ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ್ದು ಅದೇ ಗುರುತಿನ ಜಾಗವನ್ನು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ರೊಕೊಕೊ ಎಂಬ ಹೆಸರು ಹೇಗೆ ಬಂದಿತು?
೨. ಭಾರತದಲ್ಲಿ ಲಸಿಕೆಯು ಮೊದಲು ಫಲಿಸಿದ್ದು ಎಲ್ಲಿ, ಯಾವಾಗ?
೩. ಮೈಸೂರಿನ ರಾಣಿಯರನ್ನು ಚಿತ್ರಿಸಿದ ಕಲಾವಿದನು ಯಾರು?
೪. ರಾಣಿ ಚೆನ್ನಮ್ಮನ ಸಮಾಧಿಯು ಎಲ್ಲಿದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಯೂರೋಪಿನ ರಾಜಮನೆತನಗಳು ಭಾವಚಿತ್ರಗಳನ್ನು ಏತಕ್ಕಾಗಿ ಬರೆಯಿಸುತ್ತಿದ್ದವು?
೨. ಲಸಿಕೆ ಹಾಕಿಸಿಕೊಳ್ಳಲು ಜನರು ಹಿಂಜರಿದುದಕ್ಕೆ ಕಾರಣಗಳೇನು?
೩. ಮೈಸೂರಿನ ಚಿತ್ರದಲ್ಲಿ ಹಳೆಯ ಕ್ರಮವೂ ಹೊಸ ಕ್ರಮವೂ ಹೇಗೆ ತೋರಿಬಂದಿವೆ?

ಇ) ವಿವರಿಸಿರಿ.
೧. ಈಸ್ಟ್ ಇಂಡಿಯಾ ಕಂಪನಿಯು ಮೈಸೂರಿನಲ್ಲಿಯೂ ಕಿತ್ತೂರಿನಲ್ಲಿಯೂ ನಡೆದುಕೊಂಡ ಬಗೆಯನ್ನು ಹೋಲಿಸಿರಿ.
೨. ಒಂದು ಚಿತ್ರವು ಇತಿಹಾಸದ ಸಾಕ್ಷಿಯಾಗುವುದು ಹೇಗೆ? ಪಾಠದ ಆಧಾರದಿಂದ ತಿಳಿಸಿರಿ.

ಈ) ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಲಾಲಿತ್ಯ, ಹರಕೆ ಹೊರು, ಹಿಂಜರಿ, ಅನಾವರಣ, ವಿವೇಕ.

ಉ) ಮಾಡಿ ತಿಳಿಯಿರಿ.
ನಿಮ್ಮ ಊರಿನ ಹಿರಿಯರಿಂದ ಸಿಡುಬಿನ ಕಾಲದ ನೆನಪುಗಳನ್ನು ಕೇಳಿ, ಒಂದು ಪುಟದಷ್ಟು ಬರೆದು ತರಗತಿಯಲ್ಲಿ ಓದಿರಿ.